ಸಿಂಬಾ ವಾನ್ಯಿಕಾ ಒಡೆದದ್ದು ನಷ್ಟವೇ?

ಪ್ರಿಯ ಓದುಗರೇ,

ನಿಮ್ಮ ತಕರಾರು ಇಷ್ಟು: ಕಳೆದ ಸಂಚಿಕೆಯಲ್ಲಿ ನಾವು ಕೆನ್ಯಾದ ನೈರೋಬಿಯ ಸಿಂಬಾ ವಾನ್ಯಿಕಾ ಅನ್ನೋ ಸಂಗೀತ ತಂಡವನ್ನು ಹೊಗಳಿದೆವು, ಆದರೆ ಅದು ಏಳೇ ವರ್ಷಕ್ಕೆ ಒಡೆಯಿತು, ಎಲ್ಲರ ಬಾಯಲ್ಲಿರುವ ಹಾಡೂ ಬಿಟ್ಟುಹೋದವರದ್ದು, ಹಾಗಾದರೆ ಮೂಲ ತಂಡ ಉಳಿಸಿಹೋದದ್ದೇನು? ಪ್ರಶ್ನೆ ಚೆನ್ನಾಗಿದೆ. ಆದರೆ ನಾನು ಒಪ್ಪುವುದಿಲ್ಲ.

ಈ ತಂಡ ಕಟ್ಟಿದ ವಿಲ್ಸನ್ ಮತ್ತು ಜಾರ್ಜ್ ಪೀಟರ್ ಕಿನ್ಯೋಂಗಾ ಅಣ್ಣತಮ್ಮಂದಿರು. ಟಾಂಜಾನಿಯಾದ ಟಾಂಗಾದವರು. ಅಲ್ಲಿಂದ ಅರುಷಾ, ಆಮೇಲೆ 1971ರ ಹೊತ್ತಿಗೆ ಗಡಿ ದಾಟಿ ಕೆನ್ಯಾ. ಯಾಕೆ ಬಂದರು ಅಂತ ಊಹಿಸೋದು ಕಷ್ಟವಲ್ಲ. ಟಾಂಜಾನಿಯಾದಲ್ಲಿ ಆಗ ದೊಡ್ಡ ಬ್ಯಾಂಡುಗಳನ್ನು ಸಾಕುತ್ತಿದ್ದದ್ದು ಕಾರ್ಮಿಕ ಸಂಘ, ಪೊಲೀಸ್, ಸರ್ಕಾರಿ ನಿಗಮ ಇಂಥವು. ಸಂಬಳ ಸಿಗುತ್ತಿತ್ತು, ರೇಡಿಯೋ ಧ್ವನಿಮುದ್ರಣ ಮಾಡಿಕೊಳ್ಳುತ್ತಿತ್ತು, ಆದರೆ ರೆಕಾರ್ಡ್ ಒತ್ತುವ ಕಾರ್ಖಾನೆ ಮಾತ್ರ ದೇಶದಲ್ಲೇ ಇರಲಿಲ್ಲ. ರೆಕಾರ್ಡ್ ವ್ಯಾಪಾರ ಇದ್ದದ್ದು ನೈರೋಬಿಯಲ್ಲಿ. 1977ರಲ್ಲಿ ಎರಡೂ ದೇಶಗಳ ನಡುವಿನ ಗಡಿಯೇ ಮುಚ್ಚಿತು, ತೆರೆದದ್ದು 1983ರಲ್ಲಿ. ಅಷ್ಟೂ ಕಾಲ ಈ ಟಾಂಜಾನಿಯಾದವರು ಕೆನ್ಯಾದ ಜನರನ್ನು ಸ್ವಾಹಿಲಿಯಲ್ಲಿ ಕುಣಿಸಿದರು.

ಇನ್ನು ಆ ಒಡಕು. 1978ರಲ್ಲಿ ತಾಳ ಹಿಡಿಯುವ ರಿದಂ ಗಿಟಾರಿನ ಒಮರ್ ಶಬಾನಿ, ತಗ್ಗು ಸ್ವರದ ಬಾಸ್ ಗಿಟಾರಿನ ಟಾಮಿ ಮಲಂಗಾ ಮುಂತಾದವರು ಹೊರಬಿದ್ದರು. ಗಾಯಕ ಜಾನ್ ಎನ್ಗೆರೆಝಾ ಸೇರಿಕೊಂಡ ಮೇಲೆ ಲೆ ವಾನ್ಯಿಕಾ ಅನ್ನೋ ಹೊಸ ತಂಡ ಹುಟ್ಟಿತು, ಅದರಿಂದ ನೀವು ಹೇಳುವ 'ಸಿನಾ ಮಕೋಸಾ' ಬಂತು. ನಿನಗೆ ಮನೆಯಲ್ಲಿ ನಿನ್ನವಳಿದ್ದಾಳೆ, ನನಗೆ ನನ್ನವಳು, ಸುಮ್ನೆ ನನ್ನ ಮೇಲೆ ಯಾಕೆ ಸಿಟ್ಟು ಅಂತ ಒಬ್ಬ ಇನ್ನೊಬ್ಬನಿಗೆ ಹೇಳುವ ಹಾಡು.

ಈಗ ಆ ಹಾಡಿನ ಸಾಹಿತ್ಯ ಬಿಟ್ಟು ಗಿಟಾರನ್ನಷ್ಟೇ ಕೇಳಿ. ರಿದಂ ಗಿಟಾರ್ ಒಂದೇ ಸಣ್ಣ ವರಸೆಯನ್ನು ಬಿಡದೆ ತಿರುಗಿಸುತ್ತದೆ, ಬಾಸ್ ನಡುನಡುವೆ ಜಾಗ ಬಿಟ್ಟು ನಡೆಯುತ್ತದೆ, ಲೀಡ್ ಗಿಟಾರ್ ಆ ಜಾಗದಲ್ಲಿ ಮಾತಾಡಿ ಸರಿಯುತ್ತದೆ. ಯಾರಿಗೂ ಅವಸರ ಇಲ್ಲ. ಇದೇ ನಡೆ ಸಿಂಬಾ ವಾನ್ಯಿಕಾದ್ದು. ಪಾಲಾದ ಮನೆಗಳಲ್ಲೂ ಸಾರಿನ ರುಚಿ ಒಂದೇ ಇರುತ್ತದಲ್ವಾ? ಗಾಯಕ ಈಸಾ ಜುಮಾ ಕೂಡ ಇದೇ ಬಳಗದಿಂದ ಹೊರಟು, ವಾನ್ಯಿಕಾ ಹೆಸರನ್ನೇ ಹೊತ್ತ ಇನ್ನೊಂದು ತಂಡ ಕಟ್ಟಿ 1983ರಲ್ಲಿ 'ಸಿಗಲಾಮೆ' ಹಾಡಿದರು. ಅಂದರೆ ಜಗಳದಿಂದ ಆ ನಾದ ಕಡಿಮೆ ಆಗಲಿಲ್ಲ, ಜಾಸ್ತಿಯಾಯಿತು. ಒಡೆಯದೇ ಇದ್ದಿದ್ದರೆ ಒಂದು ಒಳ್ಳೆಯ ಬ್ಯಾಂಡ್ ಇರುತ್ತಿತ್ತು, ಅಷ್ಟೇ.

ಮೂಲ ತಂಡ ಅಲ್ಲಿಗೇ ಸತ್ತಿತು ಅಂತ ಬರೆದಿದ್ದೀರಿ. ಇಲ್ಲ. ಅಣ್ಣತಮ್ಮಂದಿರು ಹೊಸಬರನ್ನು ಸೇರಿಸಿಕೊಂಡು ನಡೆಸಿದರು, ಯುರೋಪಿಗೆ ಹೋಗಿ ಬಂದರು, 1992ರಲ್ಲಿ 'ಪೆಪೇಯಾ' ಆಲ್ಬಂ ಬಂತು. ಅದೇ ವರ್ಷ ಜಾರ್ಜ್ ತೀರಿಕೊಂಡರು, 1995ರಲ್ಲಿ ವಿಲ್ಸನ್. ತಂಡ ನಿಂತದ್ದು ಆಮೇಲೆ.

ಕೊನೆಗೆ, 'ಹಾಡು ಅರ್ಧಕ್ಕೇ ಕಡಿದಂತೆ ನಿಲ್ಲುತ್ತದೆ' ಅಂದಿರಲ್ಲ. ಆಗಿನ ಉದ್ದ ಹಾಡುಗಳನ್ನು ಸಣ್ಣ ರೆಕಾರ್ಡಿನ ಎರಡು ಮುಖಕ್ಕೆ ಹಂಚುತ್ತಿದ್ದರು. ನೀವು ಕೇಳಿರೋದು ಬಹುಶಃ ಮೊದಲ ಮುಖ. ಗಿಟಾರುಗಳಿಗೆ ಜಾಸ್ತಿ ಜಾಗ ಸಿಗೋದು ಎರಡನೆಯದರಲ್ಲಿ, ಅದನ್ನೂ ಹುಡುಕಿ.

– ಸಂ.