ರೂಫ್ ಲೈಟ್ ಪೂರ್ತಿ ಆರುತ್ತಿಲ್ಲವೇ? ಮೊದಲು ಹಳೇ ಬಲ್ಬ್ ಹಾಕಿ ನೋಡಿ

ಕಾರಿನ ಒಳಗಿನ ಲೈಟಿನ ಬಗ್ಗೆ ಬರುವ ಪ್ರಶ್ನೆಗಳು ಬೇರೆ ಬೇರೆ, ಕಥೆ ಮಾತ್ರ ಒಂದೇ. ಏನೋ ಹೊಸದು ಹಾಕಿಸಿರುತ್ತಾರೆ, ಅದಾದ ಮೇಲೆ ಲೈಟ್ ಕೆಟ್ಟಿರುತ್ತದೆ, ಕೊನೆಗೆ ಯಾರೋ ಒಬ್ಬರು ‘ಬಿಸಿಎಂ ಹೋಗಿದೆ’ ಅಂದಿರುತ್ತಾರೆ. ಬಿಸಿಎಂ ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಒಳಗಿನ ಲೈಟಿನಂಥವನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ. ಯಾವ ಫ್ಯೂಸ್ ಎಲ್ಲಿದೆ ಅನ್ನೋದು ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ಬಾಗಿಲು ಹಾಕಿದ ಮೇಲೆ ರೂಫ್ ಲೈಟ್ ಮೆಲ್ಲಗೆ ಮಂಕಾಗಿ ಆರುತ್ತಿತ್ತು. ಎಲ್‌ಇಡಿ ಬಲ್ಬ್ ಹಾಕಿಸಿದ ಮೇಲೆ ಒಮ್ಮೆಲೇ ಆರುತ್ತದೆ, ಒಂದೊಂದು ಸಲ ಮಿಣಮಿಣ ಅನ್ನುತ್ತದೆ. ರಾತ್ರಿ ನೋಡಿದರೆ ಮಸುಕಾಗಿ ಉರಿಯುತ್ತಲೇ ಇರುತ್ತದೆ. ಬಿಸಿಎಂ ಬದಲಾಯಿಸಬೇಕು, 18 ಸಾವಿರ ಆಗುತ್ತದೆ ಅಂತಾರೆ. ಹಾಕಿಸಲಾ ಸರ್? (ಹುಬ್ಬಳ್ಳಿಯ ಓದುಗರು)

ಬೇಡ. ತೆಗೆದಿಟ್ಟ ಹಳೇ ಬಲ್ಬ್ ಇದ್ದರೆ ವಾಪಸ್ ಹಾಕಿ. ಎಸೆದಿದ್ದರೆ ಅದೇ ಅಳತೆಯ, ಅದೇ ವ್ಯಾಟಿನ ಮಾಮೂಲಿ ಬಲ್ಬ್ ತನ್ನಿ. ಮೊದಲಿನ ಹಾಗೆ ಮೆಲ್ಲಗೆ ಆರಿದರೆ ನಿಮ್ಮ ಬಿಸಿಎಂ ಚೆನ್ನಾಗಿಯೇ ಇದೆ. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಇದನ್ನೂ ಮಾಡದೆ 18 ಸಾವಿರ ಕೇಳುವವರ ಹತ್ತಿರ ವೈಪರ್ ಕೂಡ ಬದಲಾಯಿಸಬೇಡಿ.

ಹೆಚ್ಚಿನ ಕಾರುಗಳಲ್ಲಿ ರೂಫ್ ಲೈಟಿಗೆ ಪ್ಲಸ್ ಯಾವಾಗಲೂ ಬರುತ್ತಿರುತ್ತದೆ. ಮೈನಸ್ ಕಡೆಯನ್ನು ಬಿಸಿಎಂ ಹಿಡಿದಿರುತ್ತದೆ. ಬಾಗಿಲು ಹಾಕಿದಾಗ ಅದು ಆ ಮೈನಸ್ಸನ್ನು ಸೆಕೆಂಡಿಗೆ ಎಷ್ಟೋ ಸಲ ಕೊಟ್ಟು ಬಿಟ್ಟು ಮಾಡುತ್ತದೆ. ಕೊಡುವ ಹೊತ್ತು ಕಡಿಮೆಯಾಗುತ್ತಾ ಹೋದ ಹಾಗೆ ಬೆಳಕು ಇಳಿಯುತ್ತದೆ. ಮಾಮೂಲಿ ಬಲ್ಬಿನ ತಂತಿ ಒಲೆಯಿಂದ ಇಳಿಸಿದ ಕಾವಲಿಯ ಹಾಗೆ, ತಕ್ಷಣ ತಣ್ಣಗಾಗುವುದಿಲ್ಲ. ಅದಕ್ಕೇ ಕಣ್ಣಿಗೆ ನಯವಾಗಿ ಕಾಣುತ್ತದೆ. ಎಲ್‌ಇಡಿ ಪ್ರತಿ ಸಲವೂ ನಿಜವಾಗಿ ಹತ್ತಿ ಆರುತ್ತದೆ. ಅಗ್ಗದ ಎಲ್‌ಇಡಿ ಆದರೆ ಮಿಣಮಿಣ ಅನ್ನುತ್ತದೆ, ಇಲ್ಲವೇ ಅರ್ಧದಲ್ಲೇ ಕೈಕೊಡುತ್ತದೆ.

ಮಸುಕಾಗಿ ಉರಿಯುವುದಕ್ಕೆ ಕಾರಣ ಸೋರಿಕೆ. 5 ವ್ಯಾಟಿನ ಬಲ್ಬ್ ಉರಿಯಲು ಸುಮಾರು 400 ಮಿಲಿಆಂಪ್ ಬೇಕು. ಬಿಸಿಎಂ ಆಫ್ ಆದಾಗಲೂ ಒಂದೆರಡು ಮಿಲಿಆಂಪ್ ಸೋರಬಹುದು. ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ, ಎಲ್‌ಇಡಿಗೆ ಮಸುಕಾಗಿ ಹತ್ತಲು ಅಷ್ಟೇ ಸಾಕು. ಇದು ರಿಪೇರಿ ಮಾಡುವ ದೋಷವೇ ಅಲ್ಲ.

ಎಲ್‌ಇಡಿ ಬೇಕೇ ಬೇಕು ಅನ್ನುವವರು ಬೆಂಗಳೂರಿನ ಎಸ್‌.ಪಿ. ರೋಡ್‌ನಂಥ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಕಡೆ 1 ಕಿಲೋ ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ತಂದು ಬಲ್ಬಿಗೆ ಸಮಾನಾಂತರವಾಗಿ, ಅಂದರೆ ಅದರ ಎರಡು ತುದಿಗಳ ನಡುವೆ, ಹಾಕಿಸಿಕೊಳ್ಳಿ. ಸೋರುವ ಕರೆಂಟ್ ಅದರಲ್ಲಿ ಹೋಗುತ್ತದೆ. ಲೈಟ್ ಪೂರ್ತಿ ಉರಿಯುವಾಗಲೂ ಅದರ ಬಿಸಿ 0.2 ವ್ಯಾಟ್ ಅಷ್ಟೇ. ಇದರಿಂದ ಮಸುಕು ಹೋಗುತ್ತದೆ. ಆದರೆ ಮಿಣಮಿಣವೂ ಹೋಗುತ್ತದೆ ಅಂತ ಮಾತು ಕೊಡಲಾರೆ.

ಆದರೆ ಆಕ್ಸೆಸರಿ ಅಂಗಡಿಯಲ್ಲಿ ಇಂಡಿಕೇಟರಿಗೆ ಅಂತ ಮಾರುವ ಬಂಗಾರದ ಬಣ್ಣದ 6 ಓಮ್, 50 ವ್ಯಾಟಿನ ರೆಸಿಸ್ಟರ್ ಇದೆಯಲ್ಲ, ಅದನ್ನು ದಯವಿಟ್ಟು ಚಾವಣಿಗೆ ಸೇರಿಸಬೇಡಿ. 14 ವೋಲ್ಟಿನಲ್ಲಿ ಅದು 2 ಆಂಪಿಗಿಂತ ಜಾಸ್ತಿ ಎಳೆಯುತ್ತದೆ, 30 ವ್ಯಾಟಿಗೂ ಹೆಚ್ಚು ಬಿಸಿ ಹೊರಹಾಕುತ್ತದೆ. ಬಟ್ಟೆ, ಫೋಮ್, ಪ್ಲಾಸ್ಟಿಕ್ಕಿನ ನಡುವೆ ಇಡುವ ವಸ್ತುವೇ ಅದು? ಚಾವಣಿ ಸುಡಬಹುದು, ಚೆನ್ನಾಗಿದ್ದ ಬಿಸಿಎಂ ಆಗ ನಿಜವಾಗಿ ಹೋಗಬಹುದು.

ಹಳೇ ಬಲ್ಬ್ ಹಾಕಿದರೂ ಸರಿಯಾಗದಿದ್ದರೆ? ಲೈಟಿನ ಸ್ವಿಚ್ಚಿಗೆ ಮೂರು ಜಾಗ ಇರುತ್ತದೆ: ಆನ್, ಡೋರ್, ಆಫ್. ಸಾಮಾನ್ಯವಾಗಿ ‘ಆನ್’ನಲ್ಲಿ ಮೈನಸ್ ನೇರ ಬಾಡಿ ಅರ್ತಿಗೆ, ಅಂದರೆ ಕಾರಿನ ಲೋಹದ ಮೈಗೆ, ಹೋಗುತ್ತದೆ, ‘ಡೋರ್’ನಲ್ಲಿ ಮಾತ್ರ ಬಿಸಿಎಂ ಮೂಲಕ. ‘ಆನ್’ನಲ್ಲೂ ಮಂಕಾಗಿದ್ದರೆ ಬಿಸಿಎಂ ಕಡೆ ತಿರುಗಿಯೂ ನೋಡಬೇಡಿ. ತೊಂದರೆ ಹೋಲ್ಡರ್, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಅರ್ತ್, ಪ್ಲಸ್ ವೈರ್ ಇಷ್ಟರಲ್ಲೇ ಎಲ್ಲೋ ಇದೆ.

ನನಗೆ ಸಿಟ್ಟು ಬರುವುದು ಇಲ್ಲಿಂದ ಮುಂದೆ ಗ್ಯಾರೇಜಿನವರು ಮಾಡುವ ಕೆಲಸಕ್ಕೆ. ಬಲ್ಬ್ ತೆಗೆಯುತ್ತಾರೆ, ಹೋಲ್ಡರಿಗೆ ಮಲ್ಟಿಮೀಟರ್ ಹಿಡಿಯುತ್ತಾರೆ, 12 ವೋಲ್ಟ್ ತೋರಿಸುತ್ತದೆ. ‘ಸಪ್ಲೈ, ಅರ್ತ್ ಎಲ್ಲ ಸರಿ ಇದೆ, ಹಾಗಾದರೆ ಬಿಸಿಎಂ’ ಅಂತ ತೀರ್ಪು. ಮೀಟರ್ ಹೆಚ್ಚೂಕಮ್ಮಿ ಕರೆಂಟನ್ನೇ ಎಳೆಯುವುದಿಲ್ಲ ಸ್ವಾಮಿ. ಕಿಲುಬು ಹಿಡಿದು 10 ಓಮ್ ಅಡ್ಡ ನಿಂತಿರುವ ಕಪ್ಲರ್ ಕೂಡ ಬಲ್ಬ್ ಇಲ್ಲದಾಗ ಪೂರ್ತಿ 12 ತೋರಿಸುತ್ತದೆ. ಬಲ್ಬ್ ಉರಿಯಲು ಶುರುವಾದರೆ ಅದಕ್ಕೆ ಸಿಗುವುದು 9ರ ಆಸುಪಾಸು.

ಆದ್ದರಿಂದ ಬಲ್ಬ್ ಉರಿಯುತ್ತಿರುವಾಗಲೇ ಅಳೆಯಿರಿ. ಸ್ವಿಚ್ ‘ಆನ್’ನಲ್ಲಿರಲಿ. ಮೀಟರಿನ ಒಂದು ಕಡ್ಡಿ ಬಲ್ಬಿನ ಮೈನಸ್ ತುದಿಗೆ, ಇನ್ನೊಂದು ಬಣ್ಣ ಇಲ್ಲದ ಬಾಡಿ ಬೋಲ್ಟಿಗೆ. 0.1, ಹೆಚ್ಚೆಂದರೆ 0.2 ವೋಲ್ಟ್ ಬರಬೇಕು. ಒಂದೋ ಎರಡೋ ವೋಲ್ಟ್ ಬಂದರೆ ಅರ್ತ್ ಕೆಟ್ಟಿದೆ. ಇದೇ ಕ್ರಮದಲ್ಲಿ ಬಲ್ಬಿನ ಪ್ಲಸ್ ತುದಿಗೂ ಬ್ಯಾಟರಿ ಪ್ಲಸ್ಸಿಗೂ ನಡುವೆ ನೋಡಿ. ಆ ಕಡೆ ವೈರ್ ಉದ್ದ ಜಾಸ್ತಿ, ಅರ್ಧ ವೋಲ್ಟಿನವರೆಗೆ ಬಿಡಿ. ಆಮೇಲೆ ಸ್ವಿಚ್ ‘ಡೋರ್’ಗೆ ತಂದು, ಬಲ್ಬಿನ ಎರಡೂ ತುದಿಗೆ ಮೀಟರ್ ಹಿಡಿದು ಬಾಗಿಲು ಹಾಕಿ. ವೋಲ್ಟೇಜ್ ಕೆಲವು ಸೆಕೆಂಡಿನಲ್ಲಿ ಮೆಲ್ಲಗೆ ಸೊನ್ನೆಗೆ ಇಳಿದರೆ ಬಿಸಿಎಂ ತನ್ನ ಕೆಲಸ ಮಾಡುತ್ತಿದೆ.

ಇಳಿಯದೆ ಪೂರ್ತಿ ಉರಿಯುತ್ತಲೇ ಇದ್ದರೆ ಹೆಚ್ಚಾಗಿ ಬಾಗಿಲು ಹಾಕಿದ್ದು ಬಿಸಿಎಂಗೆ ಗೊತ್ತಾಗುತ್ತಿಲ್ಲ ಅಂತ ಅರ್ಥ. ಡ್ಯಾಶ್‌ಬೋರ್ಡಿನಲ್ಲಿ ಬಾಗಿಲು ತೆರೆದಿರುವ ಗುರುತು ಉಳಿದಿದೆಯಾ ನೋಡಿ. ಉಳಿದಿದ್ದರೆ ಡೋರ್ ಸ್ವಿಚ್, ಇಲ್ಲವೇ ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆಯೊಳಗಿನ ವೈರ್. ತೆಗೆದು ಹಾಕಿ ಮಾಡಿ ಅಲ್ಲಿ ವೈರ್ ಒಳಗೊಳಗೇ ತುಂಡಾಗಿರುತ್ತದೆ. ಹ್ಯಾಚ್‌ಬ್ಯಾಕ್ ಆದರೆ ಡಿಕ್ಕಿ ಬಾಗಿಲಿನ ಕೊಳವೆಯನ್ನೇ ನಾನು ಮೊದಲು ಬಿಚ್ಚುವುದು. ಕರಾವಳಿ, ಮಲೆನಾಡಿನ ಕಾರಾದರೆ ಸ್ವಿಚ್ಚಿನಲ್ಲಿ ಕಿಲುಬು ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಬೆಂಗಳೂರಿನ ಬೇಸ್‌ಮೆಂಟ್ ಕಾರಾದರೆ ಇಲಿ.

ಒಂದು ಮಾತು. ಬಾಗಿಲು ತೆರೆದಿಟ್ಟುಕೊಂಡು ಅರ್ಧ ಗಂಟೆ ತಡಕಾಡಿದರೆ ಎಷ್ಟೋ ಕಾರುಗಳು ಬ್ಯಾಟರಿ ಉಳಿಸಲು ಲೈಟನ್ನು ತಾವೇ ಕಟ್ ಮಾಡುತ್ತವೆ. ಆಗ ‘ಸಪ್ಲೈ ಇಲ್ಲ’ ಅಂತ ಗಾಬರಿ ಬೀಳಬೇಡಿ. ಕೀ ಒಮ್ಮೆ ಆನ್ ಮಾಡಿದರೆ ವಾಪಸ್ ಬರುತ್ತದೆ. ಹಾಗೇ ಕೀ ಆನ್ ಇದ್ದಾಗ ಅಥವಾ ರಿಮೋಟಿನಿಂದ ಲಾಕ್ ಮಾಡಿದಾಗ ಲೈಟ್ ಥಟ್ಟನೆ ಆರುವುದು ಹಲವು ಕಾರುಗಳಲ್ಲಿ ಇರುವ ಕ್ರಮವೇ.

ವೈರಿಗೆ ಸೂಜಿ ಚುಚ್ಚಿ ಟೆಸ್ಟ್ ಮಾಡಬೇಡಿ, ಆ ತೂತಿನಲ್ಲೇ ಮುಂದಿನ ಮಳೆಗಾಲಕ್ಕೆ ಕಿಲುಬು ಶುರು. ಬಲ್ಬ್ ಕೀಳುವ ಮೊದಲು ಫ್ಯೂಸ್ ತೆಗೆಯಿರಿ. ಹಳದಿ ಕಪ್ಲರ್ ಕಂಡರೆ ಕೈ ಹಿಂದೆ ತೆಗೆಯಿರಿ, ಅದು ಏರ್‌ಬ್ಯಾಗಿನದು.

ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದ ಮೇಲೆ ಮೀಟರ್ ಬೋರ್ಡಿನ ಲೈಟ್ ಕಮ್ಮಿ ಮಾಡಲು ಆಗುತ್ತಿಲ್ಲ. ಡಿಮ್ಮರ್ ತಿರುಗಿಸಿದರೂ ಪೂರ್ತಿ ಉರಿಯುತ್ತದೆ. (ಮೈಸೂರಿನ ಓದುಗರು)

ಡಿಮ್ಮರ್ ಕೆಟ್ಟಿಲ್ಲ. ಕೆಲವು ಕಾರುಗಳಲ್ಲಿ, ಜಪಾನಿ ಕಂಪನಿಗಳ ಕಾರಿನಲ್ಲಿ ಜಾಸ್ತಿ, ಡ್ಯಾಶ್ ಲೈಟಿನ ಮೈನಸ್ ನೇರ ಅರ್ತಿಗೆ ಹೋಗದೆ ಡಿಮ್ಮರ್ ಮೂಲಕ ಹೋಗುತ್ತದೆ. ಸ್ಟೀರಿಯೋ ಹಾಕಿದವರು ಆ ವೈರನ್ನೇ ಅರ್ತ್ ಅಂದುಕೊಂಡು ಬಾಡಿಗೆ ಸೇರಿಸಿದ್ದಾರೆ, ಡಿಮ್ಮರ್ ಪಕ್ಕಕ್ಕೆ ಉಳಿಯಿತು. ಆ ವೈರ್ ಬಿಡಿಸಿ, ಸ್ಟೀರಿಯೋದ ಕಪ್ಪು ವೈರಿಗೆ ಬೇರೆ ಅರ್ತ್ ಕೊಡಿಸಿ. ಬಿಡಿಸಿದ ತುದಿಗೆ ಟೇಪ್ ಸುತ್ತಿಸಿ. ಡಿಮ್ಮರ್ ಪ್ಲಸ್ ಕಡೆ ಇರುವ ಕಾರಿನಲ್ಲಿ ಇದೇ ತಪ್ಪಾದರೆ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಡಿಮ್ಮರೇ ಹೋಗುತ್ತದೆ.

ಫ್ಯೂಸ್ ಪದೇ ಪದೇ ಹೋಗುತ್ತಿದೆ. 10ರ ಬದಲು 20 ಹಾಕಬಹುದಾ?

ಇಲ್ಲ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ.

ಸಿಗರೇಟ್ ಲೈಟರಿಗೆ ಸಿಕ್ಕಿಸುವ ವೋಲ್ಟೇಜ್ ಸ್ಟೆಬಿಲೈಜರ್ ಹಾಕಿದರೆ ಒಳಗಿನ ಲೈಟ್ ಮಂಕಾಗುವುದು ನಿಲ್ಲುತ್ತದಾ?

ನಿಲ್ಲುವುದಿಲ್ಲ. ಆ ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದೆರಡು ಕೆಪಾಸಿಟರ್, ಒಂದು ನೀಲಿ ದೀಪ, ಅಷ್ಟೇ ಇರುವುದು.

ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದಿರುತ್ತದೆ. ಲೈಟ್ ಉರಿಯುತ್ತಿರಬಹುದಾ? (ಶಿವಮೊಗ್ಗದ ಓದುಗರು)

ಇರಬಹುದು. ಒಂದು 5 ವ್ಯಾಟಿನ ಬಲ್ಬ್ 35 ಆಂಪ್-ಅವರ್ ಬ್ಯಾಟರಿಯನ್ನು ಸುಮಾರು 80 ಗಂಟೆಯಲ್ಲಿ ಬರಿದು ಮಾಡುತ್ತದೆ, ಸ್ಟಾರ್ಟ್ ಆಗದ ಸ್ಥಿತಿ ಅದಕ್ಕೂ ಮೊದಲೇ ಬರುತ್ತದೆ. ಡಿಕ್ಕಿ ಲೈಟನ್ನು ಯಾರೂ ನೋಡುವುದಿಲ್ಲ. ಫೋನಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಮುಚ್ಚಿ, ಗೊತ್ತಾಗುತ್ತದೆ. ನಿಂತ ಕಾರು ಬ್ಯಾಟರಿಯಿಂದ ಎಳೆಯುವ ಕರೆಂಟ್ ಅಳೆಯುವುದಾದರೆ ಬಾಗಿಲು ತೆರೆದೇ ಇರಲಿ, ಅದರ ಲ್ಯಾಚನ್ನು ಮಾತ್ರ ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತನ್ನಿ. ಅರ್ಧ ಗಂಟೆ ಸುಮ್ಮನೆ ಬಿಟ್ಟು ನೋಡಿ. 50 ಮಿಲಿಆಂಪಿನ ಒಳಗೆ ಇದ್ದರೆ ಸರಿ. ಕೆಲಸ ಮುಗಿದ ಮೇಲೆ ಹಿಡಿ ಎಳೆದು ಲ್ಯಾಚ್ ಬಿಡಿಸಿ, ಆಮೇಲೆ ಬಾಗಿಲು ಹಾಕಿ. ಹಾಗೇ ದಬ್ಬಿದರೆ ಲ್ಯಾಚ್ ಮುರಿಯುತ್ತದೆ, ಅದರ ಖರ್ಚು ನನ್ನ ಮೇಲೆ ಹಾಕಬೇಡಿ.