ತವರಿನ ಪಂದ್ಯ ಕಾಲೇಜಿನ ಅಂಗಳದಲ್ಲೇ ನಡೆಯಬೇಕೇ?

ಪ್ರಶ್ನೆ: ನನ್ನ ಮಗಳು ಓದುತ್ತಿರುವ ಕಾಲೇಜಿಗೆ ದೊಡ್ಡದಾದ ಸ್ವಂತ ಮೈದಾನವಿದೆ. ಆದರೂ ಎರಡು ವರ್ಷಗಳಿಂದ ಕಾಲೇಜು ಆತಿಥ್ಯ ವಹಿಸುವ ಫುಟ್ಬಾಲ್ ಪಂದ್ಯಗಳನ್ನೆಲ್ಲ ಪೇಟೆಯ ಕ್ರೀಡಾಂಗಣದಲ್ಲಿ ನಡೆಸುತ್ತಿದ್ದಾರೆ. ಅಲ್ಲಿ ಹುಲ್ಲಿದೆ, ಗ್ಯಾಲರಿಯಿದೆ ಎಂಬುದು ಅಧ್ಯಾಪಕರು ಕೊಡುವ ಕಾರಣ. ಅಮೆರಿಕದಲ್ಲಿರುವ ನನ್ನ ತಮ್ಮ, ಅಲ್ಲಿಯೂ ಕೆಲವು ವಿಶ್ವವಿದ್ಯಾಲಯಗಳ ತಂಡಗಳು ಕ್ಯಾಂಪಸ್ಸಿನ ಹೊರಗೇ ಆಡುತ್ತವೆ ಎನ್ನುತ್ತಾನೆ. ಈ ವಿಷಯವನ್ನು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎತ್ತಬಹುದೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಖಂಡಿತ ಎತ್ತಿರಿ. ಮೈದಾನ ಆಡಲು ಯೋಗ್ಯವಾಗಿದ್ದರೆ, ಅಥವಾ ಅದನ್ನು ಯೋಗ್ಯವಾಗಿಸಲು ಸಾಧ್ಯವಿದ್ದರೆ, ಕಾಲೇಜು ತಂಡದ ತವರಿನ ಪಂದ್ಯ ಕಾಲೇಜಿನಲ್ಲೇ ನಡೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ತಮ್ಮ ಹೇಳಿದ್ದು ನಿಜ. ಅಲ್ಲಿನ ಫುಟ್ಬಾಲ್ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟವಾದರೂ ಈ ಪ್ರಶ್ನೆ ಎರಡಕ್ಕೂ ಒಂದೇ. ಮಯಾಮಿ ವಿಶ್ವವಿದ್ಯಾಲಯದ ತಂಡ 2008ರಿಂದ ತನ್ನ ಕ್ಯಾಂಪಸ್ಸಿನಿಂದ ಸುಮಾರು 30 ಕಿ.ಮೀ. ದೂರದ ಕ್ರೀಡಾಂಗಣದಲ್ಲಿ ಆಡುತ್ತಿದೆ. ಆದರೆ ಹೊರಗೆ ಹೋಗಿ ಮರಳಿ ಬಂದವರ ಅನುಭವವನ್ನೂ ನಾವು ನೋಡಬೇಕು. ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ 1982ರಲ್ಲಿ ಕ್ಯಾಂಪಸ್ ಬಿಟ್ಟು ನಗರದ ಛಾವಣಿಯುಳ್ಳ ಕ್ರೀಡಾಂಗಣಕ್ಕೆ ಹೋಗಿ, 2009ರಲ್ಲಿ ಕ್ಯಾಂಪಸ್ಸಿನಲ್ಲೇ ಹೊಸದಾಗಿ ಕಟ್ಟಿದ ಕ್ರೀಡಾಂಗಣಕ್ಕೆ ಹಿಂದಿರುಗಿತು. ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯದ ತಂಡವಂತೂ 1975ರಿಂದ ಸುಮಾರು ನಾಲ್ಕು ದಶಕ ಕಾಲ, 70,000ಕ್ಕೂ ಹೆಚ್ಚು ಜನ ಕೂರಬಹುದಾದ ಸೂಪರ್‌ಡೋಮ್‌ನಲ್ಲಿ ಬಹುಪಾಲು ಖಾಲಿ ಆಸನಗಳ ಎದುರು ಆಡಿ, 2014ರಲ್ಲಿ ಕ್ಯಾಂಪಸ್ಸಿನೊಳಗಿನ ಸುಮಾರು 30,000 ಆಸನಗಳ ಅಂಗಣಕ್ಕೆ ಬಂದಿತು. ಗ್ಯಾಲರಿ ದೊಡ್ಡದಾದ ಮಾತ್ರಕ್ಕೆ ಅದು ತುಂಬುವುದಿಲ್ಲ.

ಈಗ ನಮ್ಮ ಕಾಸರಗೋಡು ಜಿಲ್ಲೆಯ ಮಾತಿಗೆ ಬರೋಣ. ಕೊನೆಯ ಪೀರಿಯಡ್ ಮುಗಿದ ಮೇಲೆ ವಿದ್ಯಾರ್ಥಿಗಳು ಪುಸ್ತಕದ ಚೀಲ ಹಿಡಿದುಕೊಂಡೇ ಮೈದಾನದ ಬದಿಗೆ ಬಂದು ನಿಲ್ಲಬಹುದು. ಅದೇ ಪಂದ್ಯ ಪೇಟೆಯಲ್ಲಾದರೆ ಬೈಕ್ ಇರುವ ಹತ್ತು ಹನ್ನೆರಡು ಹುಡುಗರು ಮಾತ್ರ ಹೋಗುತ್ತಾರೆ. ಪೆರ್ಲ, ಮುಳ್ಳೇರಿಯ, ಬಾಯಾರು ಕಡೆಯಿಂದ ಬರುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಸ್ ತಪ್ಪೀತೆಂದು ನೇರವಾಗಿ ಮನೆಗೆ ಹೊರಡುತ್ತಾರೆ. ನಿಮ್ಮ ಮಗಳು ತನ್ನ ಕಾಲೇಜಿನ ತಂಡ ಆಡುವುದನ್ನು ಒಮ್ಮೆಯಾದರೂ ನೋಡಿದ್ದಾಳೆಯೇ ಎಂದು ಕೇಳಿನೋಡಿ. ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದವರೂ ಮಲಯಾಳ ಮಾಧ್ಯಮದಿಂದ ಬಂದವರೂ ಬೇರೆ ಬೇರೆ ಬೆಂಚುಗಳಲ್ಲಿ ಕೂರುವುದನ್ನು ನಾನು ವರ್ಷಗಳಿಂದ ಕಂಡಿದ್ದೇನೆ. ಆದರೆ ಗೆರೆಯ ಬದಿಯಲ್ಲಿ ನಿಂತಾಗ ತುಳು, ಮಲಯಾಳ, ಕನ್ನಡ, ಬ್ಯಾರಿ ಎಲ್ಲ ಭಾಷೆಗಳ ಕೂಗೂ ಒಂದೇ ತಂಡಕ್ಕಾಗಿ ಏಳುತ್ತದೆ. ಆ ಒಂದು ಗಂಟೆಯನ್ನು ಕಾಲೇಜಿನಿಂದ ಹೊರಗೆ ಸಾಗಿಸಬಾರದು.

ಅಧ್ಯಾಪಕರ ಆತಂಕವನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಅನೇಕ ಮೈದಾನಗಳು ಮುರಕಲ್ಲಿನ ಗುಡ್ಡವನ್ನು ಸಮತಟ್ಟು ಮಾಡಿ ರೂಪಿಸಿದವು. ಮಳೆಗಾಲದ ನಂತರ ಮೇಲ್ಮಣ್ಣು ಕೊಚ್ಚಿಹೋಗಿ ಜಲ್ಲಿ ಎದ್ದು ನಿಂತಿರುತ್ತದೆ, ಅಂಥಲ್ಲಿ ಜಾರಿ ಬಿದ್ದ ಆಟಗಾರನ ಮೊಣಕಾಲಿನ ಚರ್ಮ ಕಿತ್ತುಬರುತ್ತದೆ. ಇದಕ್ಕೆ ಪರಿಹಾರ ಊರು ಬಿಡುವುದಲ್ಲ. ಮಳೆ ನಿಂತೊಡನೆ ಕಲ್ಲು ಆರಿಸಿ, ಮರಳು ಬೆರೆಸಿದ ಮಣ್ಣು ಹರಡಿ, ನೀರು ಹಾಕಿ ರೋಲರ್ ಎಳೆಸಿದರೆ, ಮತ್ತು ನೀರು ಹರಿದುಹೋಗಲು ಅಂಚಿನಲ್ಲಿ ಚರಂಡಿ ತೋಡಿಸಿದರೆ ಮೈದಾನ ಆ ಋತುವಿಗೆ ಸಿದ್ಧವಾಗುತ್ತದೆ. ಪಂದ್ಯದ ದಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಒಂದು ವಾಹನವೂ ಸ್ಥಳದಲ್ಲಿರಲೇಬೇಕು. ಅಮೆರಿಕದಲ್ಲಿ ಕ್ಯಾಂಪಸ್ ಕ್ರೀಡಾಂಗಣಗಳ ವಿರುದ್ಧ ಕೇಳಿಬರುವ ಬಲವಾದ ಮಾತೆಂದರೆ, ವರ್ಷಕ್ಕೆ ಆರೇಳು ಪಂದ್ಯಗಳಿಗಾಗಿ ಅಷ್ಟು ಜಾಗವನ್ನೂ ಹಣವನ್ನೂ ತೊಡಗಿಸಬೇಕೇ ಎಂಬುದು. ನಮ್ಮ ಮೈದಾನಕ್ಕೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಮಕ್ಕಳು ದಿನವೂ ಓಡುತ್ತಾರೆ, ಪಂದ್ಯಕ್ಕಾಗಿ ಮಾಡಿದ ದುರಸ್ತಿ ಅವರೆಲ್ಲರ ಕಾಲಿಗೂ ಒದಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ಅಂಗಳ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್ಬಾಲ್) ಆಟಕ್ಕೆ ಮಾತ್ರ ಸಾಕಾಗುವಷ್ಟಿದೆ. ನಾವೇನು ಮಾಡಬೇಕು?
— ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ಹನ್ನೊಂದು ಜನರ ಆಟಕ್ಕೆ ನಿಯಮದಂತೆ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಬೇಕು. ಅಷ್ಟಿಲ್ಲದಿದ್ದರೆ ಹೊರಗೆ ಆಡುವುದು ಅನಿವಾರ್ಯ. ಆಗ ಆಟಗಾರರಿಗೆ ಮಾತ್ರವಲ್ಲದೆ ನೋಡುವವರಿಗೂ ಕಾಲೇಜು ಬಸ್ಸು ಹೊರಡಿಸಬೇಕೆಂದು ಪ್ರಾಂಶುಪಾಲರನ್ನು ಲಿಖಿತವಾಗಿ ಕೇಳಿರಿ. ವಿಭಾಗಗಳ ನಡುವಿನ ಸೆವೆನ್ಸ್ ಪಂದ್ಯಾಟವನ್ನಾದರೂ ಆ ಚಿಕ್ಕ ಅಂಗಳದಲ್ಲಿ ಪ್ರತಿವರ್ಷ ತಪ್ಪದೆ ನಡೆಸಿರಿ.