ಆ ಸ್ಟೇಟಸ್‌ನಲ್ಲಿ ಏನಿತ್ತು? ಲೇಖನ ಕಳಿಸಿದವರೊಬ್ಬರಿಗೆ ಉತ್ತರ

ನಮಸ್ಕಾರ.

‘ನಂಬಿಕೆಗೆ ನೋವಾದರೆ ನಾನೇನು ಮಾಡಲಿ?’ ಅನ್ನುವ ನಿಮ್ಮ ಲೇಖನ ಓದಿದೆ. ಈಗ ಇರುವ ರೂಪದಲ್ಲಿ ಇದನ್ನು ಹಾಕುವುದಿಲ್ಲ. ಹೆದರಿಕೆಯಿಂದ ಅಲ್ಲ. ಹೆದರುವಂಥದ್ದು ಇದರಲ್ಲಿ ಅಷ್ಟೇನೂ ಇಲ್ಲ. ಸಿಟ್ಟಿದೆ, ಕಾನೂನಿನ ಕಲಮುಗಳಿವೆ, ದೊಡ್ಡವರ ಹೆಸರುಗಳಿವೆ. ಇವುಗಳ ನಡುವೆ ಆರೇ ಆರು ಸಾಲು ಒಳ್ಳೆಯ ಬರವಣಿಗೆ ಸಿಕ್ಕಿಕೊಂಡಿದೆ. ಅದರ ಸಲುವಾಗಿಯೇ ಈ ಉದ್ದದ ಪತ್ರ.

ಆ ಆರು ಸಾಲು ಯಾವುದು ಅಂತ ನಿಮಗೂ ಅಂದಾಜಿರಬಹುದು. ನಿಮ್ಮೂರಿನ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ವಾಟ್ಸಾಪ್‌ನಲ್ಲಿ ಒಂದು ಸ್ಟೇಟಸ್ ಹಾಕಿದ. ಯಾರೋ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಬಿಟ್ಟರು. ಸಂಜೆ ಹೊತ್ತಿಗೆ ಅಂಗಡಿ ಮುಂದೆ ಜನ ಸೇರಿದರು. ಅವನನ್ನು ಹೊರಗೆ ಕರೆದು, ಕೈ ಮುಗಿಸಿ, ಕ್ಷಮೆ ಕೇಳಿಸಿ, ಅದನ್ನು ವಿಡಿಯೋ ಮಾಡಿಕೊಂಡರು. ‘ಸ್ಟೇಟಸ್ ಅಷ್ಟೊತ್ತಿಗೆ ಡಿಲೀಟ್ ಆಗಿತ್ತು, ವಿಡಿಯೋ ಇನ್ನೂ ಓಡಾಡುತ್ತಿದೆ’ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಮುಂದಿನ ಪ್ಯಾರಾದಲ್ಲಿ ಫ್ರೆಂಚ್ ಚಿಂತಕ ವಾಲ್ಟೇರ್ ಬಂದು ನಿಂತಿದ್ದಾನೆ.

(ಅಂದಹಾಗೆ, ‘ನಿನ್ನ ಮಾತನ್ನು ಒಪ್ಪುವುದಿಲ್ಲ, ಆದರೆ ಅದನ್ನು ಆಡುವ ನಿನ್ನ ಹಕ್ಕಿಗೆ ಪ್ರಾಣ ಕೊಡುತ್ತೇನೆ’ ಅನ್ನುವ ಮಾತು ವಾಲ್ಟೇರ್‌ದಲ್ಲ. ಅವನ ಬಗ್ಗೆ 1906ರಲ್ಲಿ ಪುಸ್ತಕ ಬರೆದ ಈವ್ಲಿನ್ ಬಿಯಾಟ್ರಿಸ್ ಹಾಲ್, ಅವನ ಧೋರಣೆ ಹೀಗಿತ್ತು ಅಂತ ತಮ್ಮ ಮಾತಿನಲ್ಲಿ ಹೇಳಿದ್ದು. ನಮಗೆ ಬರುವ ಇಂಥ ಲೇಖನಗಳಲ್ಲಿ ಹೆಚ್ಚಿನವು ಇದರಿಂದಲೇ ಶುರುವಾಗುತ್ತವೆ. ತೆಗೆದುಬಿಡಿ.)

ಆ ಅಂಗಡಿ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು ನೀವು. ಸ್ಟೇಟಸ್‌ನಲ್ಲಿ ಏನಿತ್ತು? ನೀವು ಹೇಳಿಲ್ಲ. ನೋಡಿದ್ದೀರಾ? ನೋಡಿಲ್ಲದಿದ್ದರೆ ‘ನಾನು ನೋಡಿಲ್ಲ’ ಅಂತಲೇ ಬರೆಯಿರಿ. ಸೇರಿದ್ದವರಲ್ಲಿ ಎಷ್ಟು ಜನ ಅದನ್ನು ನೋಡಿದ್ದರು ಅಂತ ವಿಚಾರಿಸಿ. ಫೋನ್ ಹಿಡಿದು ವಿಡಿಯೋ ಮಾಡಿದವರು ಯಾರು? ಹುಡುಗ ಆಡಿದ ಮಾತು ಅವನದೋ, ಪಕ್ಕದಲ್ಲಿ ನಿಂತವರು ಹೇಳಿಕೊಟ್ಟಿದ್ದೋ? ಇಂಥ ವಿಡಿಯೋಗಳಿಗೆ ಒಂದು ಧಾಟಿ ಬಂದುಬಿಟ್ಟಿದೆ ನೋಡಿ. ಮೊದಲು ಹೆಸರು, ಆಮೇಲೆ ಊರು, ಆಮೇಲೆ ‘ಯಾರ ಮನಸ್ಸಿಗೂ ನೋವು ಮಾಡುವ ಉದ್ದೇಶ ಇರಲಿಲ್ಲ’. ನಡುವೆ ಹಿಂದಿನಿಂದ ಒಂದು ದನಿ, ‘ಜೋರಾಗಿ ಹೇಳು’. ಅಂಗಡಿ ಮಾಲೀಕ ಏನು ಮಾಡಿದ? ಶಟರ್ ಎಳೆದನಾ, ಅಡ್ಡ ಬಂದನಾ, ಒಳಗೇ ಕೂತನಾ? ಮಾರನೇ ದಿನ ಹುಡುಗ ಕೆಲಸಕ್ಕೆ ಬಂದನಾ?

ಅದು ಯಾವ ಧರ್ಮದ ವಿಷಯ ಅನ್ನುವುದನ್ನೂ ನೀವು ಮುಚ್ಚಿಟ್ಟಿದ್ದೀರಿ. ಜಾಣತನ ಅಂದುಕೊಂಡಿರಬಹುದು. ಓದುವವರು ಆ ಖಾಲಿ ಜಾಗಕ್ಕೆ ತಮಗೆ ಆಗದ ಧರ್ಮವನ್ನು ತುಂಬಿಕೊಂಡು, ಹೌದು ಹೌದು ಅಂತ ತಲೆಯಾಡಿಸುತ್ತಾರೆ ಅಷ್ಟೇ. ಹೇಳಿ, ಇಲ್ಲವೇ ಯಾಕೆ ಹೇಳುತ್ತಿಲ್ಲ ಅನ್ನುವುದನ್ನಾದರೂ ಹೇಳಿ.

ಇನ್ನು ಕಾನೂನು. ಈ ಭಾಗ ಪೂರ್ತಿ ತಿದ್ದಬೇಕು. ‘ಐಟಿ ಕಾಯ್ದೆಯ 66ಎ ಇರುವವರೆಗೆ ಬಾಯಿ ಬಿಡುವ ಹಾಗಿಲ್ಲ’ ಅಂದಿದ್ದೀರಿ. ಇಂಟರ್‌ನೆಟ್‌ನಲ್ಲಿ ಹಾಕಿದ ಮಾತಿಗೆ ಕೇಸ್ ಹಾಕಲು ಬಳಸುತ್ತಿದ್ದ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ. ಅದಕ್ಕೆ ಕಾರಣವಾಗಿದ್ದು 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು ಬಂಧಿಸಿದ್ದು. ಬಾಳ್ ಠಾಕ್ರೆ ತೀರಿಕೊಂಡಾಗಿನ ಬಂದ್ ಬಗ್ಗೆ ಒಬ್ಬಾಕೆ ಫೇಸ್‌ಬುಕ್‌ನಲ್ಲಿ ಬರೆದಿದ್ದಳು, ಇನ್ನೊಬ್ಬಾಕೆ ಲೈಕ್ ಒತ್ತಿದ್ದಳು. ಧರ್ಮದ ವಿಷಯಕ್ಕೆ ಕೇಸ್ ಬೀಳುತ್ತಿದ್ದದ್ದು ಹಳೆಯ ದಂಡ ಸಂಹಿತೆಯ, ಅಂದರೆ ಐಪಿಸಿಯ, 295ಎ ಕೆಳಗೆ. 2024ರ ಜುಲೈ 1ರಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 299.

ಆ 295ಎ ಬಗ್ಗೆ ‘ಬ್ರಿಟಿಷರು ನಮ್ಮನ್ನು ಒಡೆಯಲು ತಂದ ಕಾನೂನು’ ಅಂತ ಒಂದೇ ಏಟಿಗೆ ಮುಗಿಸಿದ್ದೀರಿ. ನಡೆದದ್ದು ಅದಕ್ಕಿಂತ ಸ್ವಾರಸ್ಯವಾಗಿದೆ. 1920ರ ದಶಕದಲ್ಲಿ ಲಾಹೋರಿನಲ್ಲಿ ಪ್ರವಾದಿಯವರನ್ನು ಲೇವಡಿ ಮಾಡುವ ಒಂದು ಸಣ್ಣ ಪುಸ್ತಕ ಬಂತು. ಪ್ರಕಾಶಕ ರಾಜಪಾಲ್ ಮೇಲೆ ಕೇಸಾಯಿತು. ಆಗ ಇದ್ದ ಕಾನೂನಿನಲ್ಲಿ ಇದು ಅಪರಾಧ ಆಗುವುದಿಲ್ಲ ಅಂತ 1927ರಲ್ಲಿ ಲಾಹೋರ್ ಹೈಕೋರ್ಟ್ ಅವನನ್ನು ಬಿಟ್ಟಿತು. ಅದರ ಮೇಲೆ ದೊಡ್ಡ ಗಲಾಟೆಯಾಗಿ, ಅದೇ ವರ್ಷ 295ಎ ಹುಟ್ಟಿತು. ಮಸೂದೆ ಚರ್ಚೆಗೆ ಬಂದಾಗ ಎಚ್ಚರಿಕೆ ಹೇಳಿದವರಲ್ಲಿ ಮಹಮದ್ ಅಲಿ ಜಿನ್ನಾ ಕೂಡ ಒಬ್ಬರು. ಇತಿಹಾಸ ಬರೆಯುವವರಿಗೆ, ಸತ್ಯ ಹುಡುಕುವವರಿಗೆ, ಧರ್ಮವನ್ನು ಪ್ರಾಮಾಣಿಕವಾಗಿ ಟೀಕಿಸುವವರಿಗೆ ರಕ್ಷಣೆ ಇರಲೇಬೇಕು ಅಂದರು. ಬೇಕಂತಲೇ, ದ್ವೇಷದಿಂದ ಮಾಡಿದ ಅವಮಾನ ಮಾತ್ರ ಅಪರಾಧ ಅನ್ನುವ ಷರತ್ತು ಕಲಮಿನಲ್ಲೇ ಇದೆ. ಇಷ್ಟೆಲ್ಲ ಆದ ಮೇಲೂ 1929ರಲ್ಲಿ ರಾಜಪಾಲ್‌ನನ್ನು ಇರಿದು ಕೊಂದರು. ಕೋರ್ಟು ಬಿಟ್ಟವನನ್ನು ಬೀದಿ ಬಿಡಲಿಲ್ಲ.

ಕೋರ್ಟುಗಳು ಆ ಷರತ್ತನ್ನು ಆಗಾಗ ನೆನಪಿಸುತ್ತಲೇ ಇವೆ. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 295ಎ ಸರಿ ಅಂತ ಎತ್ತಿಹಿಡಿಯಿತು. ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ ಸಂವಿಧಾನದ 19(2)ರಲ್ಲಿ ಧರ್ಮದ ಭಾವನೆ ಅನ್ನುವ ಮಾತೇ ಇಲ್ಲ, ಗೊತ್ತಾ? ಸಾರ್ವಜನಿಕ ಶಾಂತಿ ಅನ್ನುವ ಬಾಗಿಲಿನಿಂದ ಕೋರ್ಟು ಅದನ್ನು ಒಳಗೆ ಬಿಟ್ಟುಕೊಂಡಿತು. ಧೋನಿಯನ್ನು ವಿಷ್ಣುವಿನ ಹಾಗೆ ಚಿತ್ರಿಸಿದ ಪತ್ರಿಕೆಯೊಂದರ ಮುಖಪುಟದ ಕೇಸನ್ನು 2017ರಲ್ಲಿ ಅದೇ ಸುಪ್ರೀಂ ಕೋರ್ಟ್ ವಜಾ ಮಾಡಿತು. ಗೊತ್ತಿಲ್ಲದೆಯೋ ಅಜಾಗರೂಕತೆಯಿಂದಲೋ ಆದದ್ದಕ್ಕೆ ಈ ಕಲಮು ಅಲ್ಲ ಅಂತ ಹೇಳಿತು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ಆರು ಸಾಲಿನಲ್ಲಿ ಎಫ್‌ಐಆರ್ ಮಾತೇ ಇಲ್ಲ. ಉದ್ದೇಶ ಇತ್ತಾ, ಇಲ್ವಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಸೆಕ್ಷನ್ನು, ಷರತ್ತು, ವಕೀಲರು ಯಾವುದೂ ಆ ಅಂಗಡಿವರೆಗೆ ಬರಲೇ ಇಲ್ಲ. ಆರೋಪ, ವಿಚಾರಣೆ, ಶಿಕ್ಷೆ ಎಲ್ಲ ಒಂದೇ ಸಂಜೆ ಮುಗಿಯಿತು, ಶಿಕ್ಷೆಯ ವಿಡಿಯೋ ಮಾತ್ರ ಉಳಿಯಿತು. ನಿಮ್ಮ ಲೇಖನದ ವಿಷಯ ಇದು. ನೀವು ಲೇಖನ ಪೂರ್ತಿ ಸರ್ಕಾರದ ಜೊತೆ ಜಗಳ ಆಡಿದ್ದೀರಿ. ನಿಮ್ಮೂರಿನಲ್ಲಿ ಹುಡುಗನ ಬಾಯಿ ಮುಚ್ಚಿಸಿದ್ದು ಸರ್ಕಾರ ಅಲ್ವಲ್ಲ!

‘ಇಂಟರ್‌ನೆಟ್ ಬರುವ ಮುಂಚೆ ಬರೆಯುವವರು ನೆಮ್ಮದಿಯಾಗಿದ್ದರು’ ಅನ್ನುವ ಸಾಲನ್ನು ಹೊಡೆದುಹಾಕಿದ್ದೇನೆ. 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಅನುವಾದವಾದ ಒಂದು ಸಣ್ಣಕತೆ ಬಂತು. ಕತೆಯಲ್ಲಿ ಇದ್ದವನು ಒಬ್ಬ ಸಾಮಾನ್ಯ ಮನುಷ್ಯ, ಅವನ ಹೆಸರು ಮಾತ್ರ ಪ್ರವಾದಿಯವರದು. ಅದರಿಂದ ಎದ್ದ ಗಲಭೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ 1995ರಲ್ಲಿ ಬಂದ ಕಾದಂಬರಿ. ರಾಜ್ಯದ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಿಕ್ಕಿತು, ಸರ್ಕಾರದ ಮುಟ್ಟುಗೋಲೂ ಆಯಿತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಇನ್ನು ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರ ಕತೆ ನಿಮಗೆ ಗೊತ್ತೇ ಇದೆ. 2010ರ ಕಾದಂಬರಿಗೆ 2014ರ ಕೊನೆವರೆಗೂ ಊರಿನಲ್ಲಿ ತಕರಾರಿರಲಿಲ್ಲ. ಆಮೇಲೆ ಕೆಲವು ಪುಟಗಳನ್ನಷ್ಟೇ ಜೆರಾಕ್ಸ್ ಮಾಡಿ ಹಂಚಿದರು. ಸ್ಕ್ರೀನ್‌ಶಾಟಿಗೂ ಆ ಜೆರಾಕ್ಸಿಗೂ ವ್ಯತ್ಯಾಸ ಏನು? ವೇಗ ಮಾತ್ರ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ, ಒಂದು ಫೇಸ್‌ಬುಕ್ ಪೋಸ್ಟಿನಿಂದ ಠಾಣೆಗೆ ಬೆಂಕಿ ಬೀಳುವುದಕ್ಕೆ ಕೆಲವು ಗಂಟೆ ಸಾಕಾಯಿತು.

ನಿಮ್ಮ ಲೇಖನದ ಕೊನೆಯಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, ಪತ್ರಕರ್ತೆ ಗೌರಿ ಲಂಕೇಶ್, ಕಾದಂಬರಿಕಾರ ಸಲ್ಮಾನ್ ರಶ್ದಿ ಎಲ್ಲರೂ ಒಂದೇ ಸಾಲಿನಲ್ಲಿ ಬಂದುಹೋಗುತ್ತಾರೆ. ಸುಮ್ನೆ ಹೆಸರು ಹೇಳಿದರೆ ಏನೂ ಆಗುವುದಿಲ್ಲ. ಒಬ್ಬರನ್ನು ಹಿಡಿದುಕೊಳ್ಳಿ. ಕಲಬುರ್ಗಿಯವರನ್ನೇ ತಗೊಳ್ಳಿ. 1989ರಲ್ಲಿ ‘ಮಾರ್ಗ’ ಅನ್ನುವ ತಮ್ಮ ಸಂಶೋಧನಾ ಪುಸ್ತಕದ ಬರಹಗಳಿಗಾಗಿ ಒತ್ತಡಕ್ಕೆ ಸಿಕ್ಕಿ ಅವರು ಮಾತು ವಾಪಸ್ ತಗೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಅವತ್ತು ಬೌದ್ಧಿಕ ಆತ್ಮಹತ್ಯೆ ಮಾಡಿಕೊಂಡೆ ಅಂತ ಅವರೇ ಹೇಳಿಕೊಂಡರು. ಆದರೂ ಬರೆಯುವುದು ಬಿಡಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರಿಗೂ ನಿಮ್ಮೂರ ಹುಡುಗನಿಗೂ ಏನು ಸಂಬಂಧ ಅಂದರೆ, ಇಬ್ಬರೂ ಒತ್ತಾಯಕ್ಕೆ ತಲೆ ತಗ್ಗಿಸಿದವರು. ಅವರಿಗೆ ಅದರ ಬಗ್ಗೆ ತಮ್ಮ ದನಿಯಲ್ಲಿ ಮಾತಾಡಲು ಹೆಸರಿತ್ತು, ಕೇಳುವವರಿದ್ದರು. ಇವನ ಪಾಲಿಗೆ ಇರುವುದು ಬೇರೆಯವರ ಫೋನಿನಲ್ಲಿರುವ ವಿಡಿಯೋ ಒಂದೇ.

ಈಗ ನನಗೆ ನಿಜಕ್ಕೂ ಬೇಜಾರಾದ ಜಾಗ. ಉರುಳು ಸೇವೆ ಮಾಡುವ ಹೆಂಗಸಿನ ಬಗ್ಗೆ ಒಂದು ಪ್ಯಾರಾ ಬರೆದಿದ್ದೀರಿ. ಅವಳ ಒದ್ದೆ ಸೀರೆ, ಮೈಗಂಟಿದ ಮಣ್ಣು, ‘ಬುದ್ಧಿ ಇಲ್ಲದ ಜನ’. ಇದನ್ನು ಬರೆಯುವ ಹಕ್ಕು ನಿಮಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಇದು ಟೀಕೆ ಹೇಗಾಯಿತು? ಅವಳು ಯಾವ ಹರಕೆ ಹೊತ್ತಿದ್ದಳು ಅಂತ ನೀವು ಕೇಳಿಲ್ಲ. ಕುಕ್ಕೆಯ ಮಡೆಸ್ನಾನದ ವಿರುದ್ಧ ವರ್ಷಗಟ್ಟಲೆ ಬರೆದವರನ್ನು, ಬೀದಿಗಿಳಿದವರನ್ನು ನೋಡಿ. ಉಂಡ ಎಲೆ ಯಾರದು, ಅದರ ಮೇಲೆ ಉರುಳುವವರು ಯಾರು ಅಂತ ಅವರು ಕೇಳಿದರು. ಅದಕ್ಕೆ ಉತ್ತರ ಕೊಡುವುದು ಕಷ್ಟವಾಯಿತು, ಅದಕ್ಕೇ ಆ ಮಾತು ನಾಟಿತು. ನೀವು ಉರುಳುವವಳನ್ನು ನೋಡಿ ನಕ್ಕಿದ್ದೀರಿ. ನಾಳೆ ಇದೇ ಪ್ಯಾರಾದ ಸ್ಕ್ರೀನ್‌ಶಾಟ್ ಹರಿದಾಡಿದರೆ ನಿಮ್ಮ ಪರವಾಗಿ ಖಂಡಿತ ನಿಲ್ಲುತ್ತೇನೆ. ಪ್ಯಾರಾ ಚೆನ್ನಾಗಿದೆ ಅಂತ ಮಾತ್ರ ಹೇಳಲಾರೆ.

ತಿದ್ದಿ ಕಳಿಸುವುದಾದರೆ ಅಂಗಡಿಯಿಂದಲೇ ಶುರು ಮಾಡಿ, ಸಾವಿರ ಪದದೊಳಗೆ ಮುಗಿಸಿ. ಶೀರ್ಷಿಕೆಯಲ್ಲಿ ‘ನಾನು’ ಬೇಡ. ಅದಕ್ಕೂ ಮುಂಚೆ ಆ ಹುಡುಗನನ್ನು ಹೋಗಿ ಕಾಣಿ. ಅವನ ವಿಷಯ ಬರೆಯುತ್ತಿದ್ದೇನೆ ಅಂತ ಹೇಳಿ, ಒಪ್ಪಿಗೆ ಕೇಳಿ. ಹೆಸರು, ಊರು, ಅಂಗಡಿಯ ಗುರುತು ಯಾವುದೂ ಬರಬಾರದು. ಅವನು ಬೇಡ ಅಂದರೆ ಬೇಡ. ಹಾಗಾದಲ್ಲಿ ಲಾಹೋರಿನ ಕತೆಯನ್ನೇ ಸರಿಯಾಗಿ ಓದಿಕೊಂಡು ಬರೆದು ಕಳಿಸಿ, ಅದಕ್ಕೂ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ